ಹೊಟ್ಟಿನಲ್ಲಿರುವ ಲಾಭ
ನಾರಾಯಣಪುರದ ಬಸವಸಾಗರ 1982ರಲ್ಲಿ ಸಿದ್ಧವಾಗಿ ಕೃಷ್ಣೆಯ ನೀರು ಕಾಲುವೆಗಿಳಿದ ಬಳಿಕ ಸುರಪುರ, ಶಹಾಪುರಗಳ ಹೊಲಗಳಲ್ಲಿ ಭತ್ತ ನೆಲೆಯೂರಿತು. ಕಾಲುವೆ ಮುಟ್ಟದ ಯಾದಗಿರಿ ಸೀಮೆಯ ಹೊಲಗಳಿಗೆ ಸಜ್ಜೆ, ನವಣೆಗಳು ತಕ್ಕ ಬೆಳೆ. ನವಣೆಯಂತೂ ಅಲ್ಪ ಮಳೆಯಲ್ಲಿಯೂ ಸುಮಾರು 3 ತಿಂಗಳಲ್ಲಿ ಕೈಗೆ ಬರುವುದು.

ಆದರೂ ಬೆಳೆದವನಿಗೆ ಲಾಭ ಕಡಿಮೆಯೇಕೆ? ಸಜ್ಜೆಯನ್ನು ಹಾಗೆಯೇ ಬೀಸಬಹುದು; ನವಣೆಯ ಹೊಟ್ಟು ಕಳೆಯದೆ ಅಡಿಗೆಯಿಲ್ಲ. ಹೊಟ್ಟು ಕಳೆಯುವವನು ಪೇಟೆಯವನಾದರೆ ಅಕ್ಕಿಯ ಬೆಲೆಯೂ ಅವನದೇ.

ಆದರೆ ಅದೇ ಹೊಟ್ಟು ಕಾಳಿಗೆ ಕವಚವೂ ಹೌದು. ಚೆನ್ನಾಗಿ ಒಣಗಿಸಿಟ್ಟ ನವಣೆ ಬಹುಕಾಲ ಕೆಡದು. ಅಕ್ಕಿ ಮಾಡಿಟ್ಟರೆ ಬೇಗ ಹುಳು ಹಿಡಿಯುವುದು. ಆದುದರಿಂದ ಹತ್ತು ಮಂದಿ ರೈತರು ಕೂಡಿ ಊರಿನಲ್ಲಿಯೇ ಒಂದು ಯಂತ್ರವನ್ನಿರಿಸಿ, ಬೆಳೆಯನ್ನು ಸುಗ್ಗಿಯ ಅಗ್ಗದ ಬೆಲೆಗೆ ಒಪ್ಪಿಸದೆ, ಗಿರಾಕಿ ಕೇಳಿದಷ್ಟೇ ಅಕ್ಕಿ ಮಾಡಿ ಮಾರುವುದು ಲೇಸು.