ಚಳಿಯಲ್ಲಿ ಕಾದಿರುವ ಕೋಶಗಳು
ರೋಗಿ ನಂಬಿ ಕೊಟ್ಟ ರಕ್ತವನ್ನು ಹಾಗೆಯೇ ಫ್ರೀಜರಿನಲ್ಲಿಟ್ಟರೆ ಮಂಜುಗಡ್ಡೆಯ ಹರಳುಗಳು ಜೀವಕೋಶಗಳ ಪೊರೆಯನ್ನು ಸೀಳಿಬಿಡುತ್ತವೆ. ಡಿಎಂಎಸ್‌ಒ ಎಂಬ ದ್ರಾವಕ ಈ ಹಾನಿಯನ್ನು ತಡೆಯುತ್ತದೆಂದು ಬ್ರಿಟನ್ನಿನ ವಿಜ್ಞಾನಿಗಳಾದ ಜೇಮ್ಸ್ ಲವ್‌ಲಾಕ್ ಮತ್ತು ಬಿಷಪ್ 1959ರಲ್ಲಿ ತೋರಿಸಿದರು. ಇಂದಿಗೂ ಪ್ರಯೋಗಾಲಯಗಳು ರಕ್ತದಿಂದ ಬೇರ್ಪಡಿಸಿದ ಲಿಂಫೋಸೈಟ್, ಮೊನೊಸೈಟ್ ಎಂಬ ಬಿಳಿ ರಕ್ತಕಣಗಳಿಗೆ ಸುಮಾರು ಶೇ. 10ರಷ್ಟು ಅದನ್ನೇ ಬೆರೆಸಿ, ನಿಮಿಷಕ್ಕೆ 1 ಡಿಗ್ರಿಯಂತೆ ತಣಿಸಿ, ಬಳಿಕ ದ್ರವ ಸಾರಜನಕದ ತೊಟ್ಟಿಗೆ ಇಳಿಸುತ್ತವೆ. ಕರಗಿಸುವಾಗ ಮಾತ್ರ ಅವಸರ ಬೇಕು: 37 ಡಿಗ್ರಿ ನೀರಿನಲ್ಲಿ ಬೇಗ ಕರಗಿಸಿ, ಕೋಶಗಳಿಗೆ ವಿಷವಾಗಬಲ್ಲ ಡಿಎಂಎಸ್‌ಒವನ್ನು ತೊಳೆದು ತೆಗೆಯಬೇಕು. ಒಂದೊಂದೇ ಕೋಶದ ಆರ್‌ಎನ್‌ಎ ಓದುವ ರೋಗನಿರೋಧಕ ಸಂಶೋಧನೆಗೆ ಈ ಶಿಸ್ತು ಪ್ರಾಣದಷ್ಟೇ ಮುಖ್ಯ. ಸತ್ತ ಕೋಶಗಳಿಂದ ಸೋರಿದ ಆರ್‌ಎನ್‌ಎ ಬದುಕಿರುವವುಗಳ ಲೆಕ್ಕಕ್ಕೆ ಸೇರಿ ಗೊಂದಲವೆಬ್ಬಿಸುತ್ತದೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳಂತೂ ಈ ಚಳಿಯನ್ನು ತಾಳವು. ಅವುಗಳ ಅಧ್ಯಯನಕ್ಕೆ ತಾಜಾ ರಕ್ತವೇ ಬೇಕು, ಕೆಲವೇ ಗಂಟೆಗಳಲ್ಲಿ ಕೆಲಸ ಮುಗಿಯಬೇಕು.