ಮಿನುಗುವ ಅಂಕಿಗಳ ರೋಗ ಪತ್ತೆ

ಗಾಜು ಮುಚ್ಚಿದ ಇಳಿಜಾರು ಮೇಜು. ಸ್ಪ್ರಿಂಗ್ ಎಳೆದು ಬಿಟ್ಟರೆ ಉಕ್ಕಿನ ಗುಂಡು ಚಿಮ್ಮಿ ಮೇಲೇರುತ್ತದೆ. ಅಲ್ಲಿ ಇಲ್ಲಿ ಬಡಿದು, ದೀಪ ಹೊತ್ತಿಸಿ, ಸದ್ದು ಮಾಡಿ ಕೆಳಗುರುಳುತ್ತದೆ. ಅದು ತಳದ ಕಿಂಡಿಗೆ ಬೀಳದಂತೆ ಎರಡು ಪುಟ್ಟ ಕೈಗಳಿಂದ ಹೊಡೆದು ಮತ್ತೆ ಮೇಲಕ್ಕಟ್ಟುವುದೇ ಆಟ. ಇದೇ ಪಿನ್‌ಬಾಲ್. ಅಮೆರಿಕದ ಶಿಕಾಗೋ ನಗರ ಇದರ ತವರು. ಬ್ಯಾಲಿ, ವಿಲಿಯಮ್ಸ್, ಗಾಟ್ಲೀಬ್ ಮುಂತಾದ ಹೆಸರಾಂತ ತಯಾರಕರು ಅಲ್ಲಿಯವರೇ.

1970ರ ದಶಕದ ನಡುವಿನವರೆಗೆ ಈ ಯಂತ್ರಗಳಲ್ಲಿ ಅಂಕ ತೋರಿಸುತ್ತಿದ್ದುದು ತಿರುಗುವ ಗಾಲಿಗಳು. ಆಮೇಲೆ ಮೈಕ್ರೋಪ್ರೊಸೆಸರ್ ಬಂತು, ಅದರ ಜೊತೆ ಕಿತ್ತಳೆ ಬಣ್ಣದಲ್ಲಿ ಹೊಳೆಯುವ ಅಂಕಿಗಳೂ ಬಂದವು. 1977ರ ಬ್ಯಾಲಿ ಯಂತ್ರ ‘ಏಯ್ಟ್ ಬಾಲ್’ 20 ಸಾವಿರಕ್ಕೂ ಹೆಚ್ಚು ತಯಾರಾಯಿತು. ಹಳೆಯ ಯಂತ್ರಗಳನ್ನು ಜತನದಿಂದ ಕಾಪಾಡುವ ಹವ್ಯಾಸಿಗಳು ಇಂದಿಗೂ ಇದ್ದಾರೆ. ಅವರಿಗೆ ಪದೇ ಪದೇ ಎದುರಾಗುವ ತೊಂದರೆ ಒಂದೇ: ಅಂಕಿಗಳು ನಿಲ್ಲದೆ ಮಿನುಗುತ್ತವೆ.

ರೋಗ ತಿಳಿಯಬೇಕಾದರೆ ಮೊದಲು ದೇಹರಚನೆ ಗೊತ್ತಿರಬೇಕು. ಆ ಅಂಕಿಗಳು ಬಲ್ಬುಗಳಲ್ಲ. ಎರಡು ಗಾಜುಗಳ ನಡುವೆ ನಿಯಾನ್ ಅನಿಲ ತುಂಬಿ ಮುಚ್ಚಿರುತ್ತಾರೆ. ಒಂದೊಂದು ಅಂಕಿಗೂ ಏಳು ಗೆರೆಗಳು. ಯಾವ ಗೆರೆಗೆ ವಿದ್ಯುತ್ ಹರಿಯುತ್ತದೋ ಅದರ ಸುತ್ತಲಿನ ಅನಿಲ ಹೊಳೆಯುತ್ತದೆ. ಇದಕ್ಕೆ ಬ್ಯಾಲಿ ಯಂತ್ರದಲ್ಲಿ ಸುಮಾರು 190 ವೋಲ್ಟ್ ಏಕಮುಖ ವಿದ್ಯುತ್ ಬೇಕು.

ಇನ್ನೊಂದು ಗುಟ್ಟೂ ಇದೆ. ಆರು ಅಂಕಿಗಳು ಒಟ್ಟಿಗೆ ಉರಿಯುವುದೇ ಇಲ್ಲ! ಪ್ರೊಸೆಸರ್ ಮೊದಲನೆಯದನ್ನು ಕ್ಷಣಮಾತ್ರ ಬೆಳಗಿಸಿ ಆರಿಸುತ್ತದೆ, ಬಳಿಕ ಎರಡನೆಯದು, ಮೂರನೆಯದು, ಹೀಗೆ ಸುತ್ತುತ್ತಲೇ ಇರುತ್ತದೆ. ಈ ಸುತ್ತು ಎಷ್ಟು ಬಿರುಸೆಂದರೆ ನಮ್ಮ ಕಣ್ಣಿಗೆ ಎಲ್ಲವೂ ಸದಾ ಉರಿಯುತ್ತಿರುವಂತೆ ತೋರುತ್ತದೆ. ಸಿನಿಮಾದ ಬಿಡಿ ಚಿತ್ರಗಳು ಒಂದಾಗಿ ಕಾಣುವುದೂ ನಮ್ಮ ಕಣ್ಣಿನ ಇಂಥದೇ ನಿಧಾನದಿಂದ. ಎಲ್‌ಇಡಿ ಅಕ್ಷರಫಲಕದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಾಗ ಎಷ್ಟೋ ಸಲ ಅರ್ಧ ಅಕ್ಷರಗಳೇ ಕಾಣೆಯಾಗಿರುವುದಕ್ಕೂ ಇದೇ ಕಾರಣ.

ಹಾಗಾದರೆ ಮಿನುಗುವಿಕೆ ಎಲ್ಲಿಂದ ಬಂತು? ಬಲ್ಲವರು ಸ್ಕ್ರೂ ಡ್ರೈವರ್ ಹಿಡಿಯುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳುತ್ತಾರೆ: ಮಿನುಗುತ್ತಿರುವುದು ಒಂದು ಫಲಕವೋ, ಎಲ್ಲವೋ? ಬ್ಯಾಲಿ ಯಂತ್ರದ ನಾಣ್ಯದ ಬಾಗಿಲಿನ ಒಳಗೆ ಪರೀಕ್ಷೆಯ ಗುಂಡಿಯಿದೆ. ಅದನ್ನು ಒತ್ತಿ ಫಲಕಗಳ ಪರೀಕ್ಷೆಗೆ ಬಂದರೆ ಎಲ್ಲ ಫಲಕಗಳೂ 0ಯಿಂದ 9ರವರೆಗೆ ಎಣಿಸುತ್ತವೆ. ಆಗ ನೋಡಿದರೆ ಉತ್ತರ ಸಿಗುತ್ತದೆ.

ಒಂದೇ ಫಲಕವಾದರೆ, ಯಂತ್ರವನ್ನು ಆರಿಸಿ ಅದನ್ನು ಪಕ್ಕದ ಆಟಗಾರನ ಫಲಕದೊಂದಿಗೆ ಅದಲುಬದಲು ಮಾಡುತ್ತಾರೆ. ರೋಗ ಫಲಕದ ಜೊತೆಗೇ ಹೋದರೆ ದೋಷ ಫಲಕದಲ್ಲಿದೆ. ಹಳೆಯ ಜಾಗದಲ್ಲೇ ಉಳಿದರೆ ತಂತಿಯಲ್ಲೋ ಅದರಾಚೆಗೋ ಇದೆ. ಎಲ್ಲ ಫಲಕಗಳಲ್ಲೂ ಒಂದೇ ಸ್ಥಾನದ ಅಂಕಿ ಕೆಟ್ಟಿದ್ದರೆ, ಎಲ್ಲಕ್ಕೂ ಸಾಮಾನ್ಯವಾಗಿರುವ ಆ ಸ್ಥಾನದ ಸಂಕೇತದ ದಾರಿಯನ್ನು ಶಂಕಿಸಬೇಕು. ಎಲ್ಲ ಫಲಕಗಳೂ ಇಡಿಯಾಗಿ ಮಿನುಗುತ್ತಿದ್ದರೆ ವಿದ್ಯುತ್ ಪೂರೈಕೆಯತ್ತ ಹೋಗಬೇಕು.

ಅಲ್ಲಿ ಅಪರಾಧಿಗಳು ಮುಖ್ಯವಾಗಿ ಇಬ್ಬರು. ಒಂದು, ಕನೆಕ್ಟರ್. ವರ್ಷಗಟ್ಟಲೆ ಗುಂಡು ಬಡಿದು ಯಂತ್ರ ಅದುರಿದಾಗ ಪಿನ್ನಿನ ಸುತ್ತಲಿನ ಬೆಸುಗೆಯಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಅದು ಉಂಗುರದಂತೆ ಕಾಣುತ್ತದೆ. ಮರುಬೆಸುಗೆ ಹಾಕಿದರೆ, ಸಡಿಲಗೊಂಡ ಸಂಪರ್ಕ ತುಣುಕುಗಳನ್ನು ಬದಲಿಸಿದರೆ ಎಷ್ಟೋ ಯಂತ್ರಗಳು ಅಲ್ಲಿಗೇ ಸರಿಹೋಗುತ್ತವೆ.

ಇನ್ನೊಂದು, ಕೆಪಾಸಿಟರ್. ನಲ್ಲಿಯ ನೀರು ಬಿಟ್ಟು ಬಿಟ್ಟು ಬಂದರೂ ಮಾಳಿಗೆಯ ಟ್ಯಾಂಕು ಅದನ್ನು ಸಮವಾಗಿ ಹರಿಸುವಂತೆ, ಇದು ವಿದ್ಯುತ್ತಿನ ಏರಿಳಿತವನ್ನು ಸಮಗೊಳಿಸುತ್ತದೆ. ಕಾಲ ಕಳೆದಂತೆ ಒಳಗಿನ ದ್ರವ ಒಣಗಿ ಅದು ಸೋಲುತ್ತದೆ. ಆಗ ಏರಿಳಿತ ನೇರವಾಗಿ ಅಂಕಿಗಳನ್ನು ಮುಟ್ಟುತ್ತದೆ.

ಈ ಕ್ರಮ ತಪ್ಪಿದರೆ ನಷ್ಟ ಸಣ್ಣದಲ್ಲ. ಆತುರಗಾರರು ಮೊದಲು ಗಾಜಿನ ಫಲಕವನ್ನೇ ಕಿತ್ತೆಸೆಯುತ್ತಾರೆ. ಅಂಥದು ಇಂದು ಸಿಗುವುದೇ ಕಷ್ಟ. ಬದಲಿಗೆ ಬರುವ ಎಲ್‌ಇಡಿ ಫಲಕಕ್ಕೆ ಹಳೆಯ ಹೊಳಪಿನ ಸೊಬಗಿಲ್ಲ. ಅದನ್ನು ಹಾಕಿದ ಮೇಲೂ ಸಡಿಲ ಕನೆಕ್ಟರು ಸಡಿಲವಾಗಿಯೇ ಇರುತ್ತದೆ! ನಿಜವಾಗಿ ಸವೆದ ಫಲಕವೂ ಉಂಟು. ಅದರ ಅಂಕಿಗಳು ಮಂಕಾಗಿರುತ್ತವೆ, ಗಾಜಿನೊಳಗೆ ಕಪ್ಪು ಕಟ್ಟಿರುತ್ತದೆ. ಗಾಜಿನ ಆಯುಷ್ಯ ಹೆಚ್ಚಲೆಂದು ಅನೇಕ ಹವ್ಯಾಸಿಗಳು 190 ವೋಲ್ಟನ್ನು 170ರ ಆಸುಪಾಸಿಗೆ ಇಳಿಸುವುದುಂಟು.

ಒಂದು ಎಚ್ಚರಿಕೆ. 190 ವೋಲ್ಟ್ ಏಕಮುಖ ವಿದ್ಯುತ್ ಪ್ರಾಣ ತೆಗೆಯಬಲ್ಲದು. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರಬಹುದು. ಅನುಭವಿಗಳು ಜೊತೆಗಿಲ್ಲದೆ ಮಕ್ಕಳು ಇಂಥ ಯಂತ್ರದ, ಹಳೆಯ ಟಿ.ವಿ.ಯ ಒಳಗೆ ಕೈಯಿಡಲೇಬಾರದು.

ಆದರೆ ಈ ವಿಚಾರಕ್ರಮವನ್ನು ಕಲಿಯಲು ಪಿನ್‌ಬಾಲ್ ಯಂತ್ರವೇ ಬೇಕಿಲ್ಲ. ಹೊತ್ತದ ಟಾರ್ಚು, ನಿಂತ ಆಟಿಕೆ ಕಾರು ಸಾಕು. ಸೆಲ್ಲೋ, ಬಲ್ಬೋ, ಸ್ವಿಚ್ಚೋ? ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಲಿ, ಕಂಡದ್ದನ್ನು ಬರೆದಿಡಲಿ. ತಂದೆತಾಯಿಯರು ಅಗ್ಗದ ಮಲ್ಟಿಮೀಟರ್ ಒಂದನ್ನು ಕೊಡಿಸಿ, ಉತ್ತರ ಹೇಳಿಕೊಡುವ ಆತುರ ತೋರದೆ ಪಕ್ಕದಲ್ಲಿ ಕುಳಿತರೆ ಅಷ್ಟೇ ಸಾಕು. ಪರೀಕ್ಷೆಯ ಲೆಕ್ಕ ತಪ್ಪಿದಾಗಲೂ ಆ ಮಗು ಇಡೀ ಲೆಕ್ಕವನ್ನು ಹೊಡೆದುಹಾಕದೆ, ತಪ್ಪಿದ ಹೆಜ್ಜೆ ಯಾವುದೆಂದು ಹುಡುಕಲು ಕಲಿಯುತ್ತದೆ.