ಹೊಳಪು ಹಚ್ಚಿದರೆ ರೀಮೇಕೇ?

ಸುರಪುರದ ಕಂಪ್ಯೂಟರ್ ಸೆಂಟರಿನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು 'ಪ್ರಿನ್ಸ್ ಆಫ್ ಪರ್ಷಿಯಾ' ಆಡಿದವನು ನಾನು. 1989ರ ಆಟ, 60 ನಿಮಿಷದೊಳಗೆ ರಾಜಕುಮಾರಿಯನ್ನು ಬಿಡಿಸಬೇಕು. ಜೋರ್ಡನ್ ಮೆಕ್ನರ್ ತಮ್ಮನನ್ನು ಓಡಿಸಿ, ಜಿಗಿಸಿ, ವಿಡಿಯೋ ತೆಗೆದು ಆ ನಾಯಕನಿಗೆ ಮೈಭಾರ ಕೊಟ್ಟಿದ್ದರು. ಅವನು ಬಿದ್ದರೆ ನಮಗೇ ನೋವು.

ಅದೇ ಸರಣಿಯ 'ಸ್ಯಾಂಡ್ಸ್ ಆಫ್ ಟೈಮ್' (2003) ಕಥೆಯ ಮೊದಲ ದಾಳಿ ನಡೆಯುವುದು ಭಾರತದ ಮಹಾರಾಜನೊಬ್ಬನ ಅರಮನೆಯಲ್ಲಿ. ಅದರ ರೀಮೇಕ್ ಯುಬಿಸಾಫ್ಟ್‌ನ ಪುಣೆ, ಮುಂಬೈ ಸ್ಟುಡಿಯೋಗಳ ಪಾಲಿಗೆ ಬಂದಿತ್ತು. 2020ರಲ್ಲಿ ಟ್ರೇಲರ್ ಬಂದಾಗ ಗ್ರಾಫಿಕ್ಸ್ ಹಳತಾಗಿದೆಯೆಂದು ಗೇಲಿ ನಡೆಯಿತು. 2022ರಲ್ಲಿ ಕೆಲಸ ಮಾಂಟ್ರಿಯಲ್‌ಗೆ ಹೋಯಿತು. ಸೋತ ಮಹಾರಾಜನ ಮಗಳ ಕಡೆಯಿಂದ ಈ ಕಥೆ ಹೇಗಿದ್ದೀತು? ಆ ಗದ್ದಲದಲ್ಲಿ ಈ ಪ್ರಶ್ನೆ ನನಗೆ ಕೇಳಿಸಲೇ ಇಲ್ಲ.

ನಮ್ಮ ಬಯಲಾಟದಲ್ಲೂ ಹಳೇ ಕಥೆಯೇ. ಆದರೆ ಕಿರೀಟಕ್ಕೆ ಹೊಸ ಬಣ್ಣ ಬಂತೆಂದು ಯಾರೂ ಬೆಳಗಿನವರೆಗೆ ಕೂರುವುದಿಲ್ಲ; ಈ ಸಲದ ಭೀಮ ಏನು ಮಾತಾಡುತ್ತಾನೆಂದು ಕೂರುತ್ತಾರೆ. ರೀಮೇಕಿಗೂ ಅದೇ ಅಳತೆಗೋಲಿರಲಿ. ಹೊಸ ಮಾತಿಲ್ಲದಿದ್ದರೆ ಹಳೆಯದೇ ಸಾಕು. ಮೆಕ್ನರ್ 2012ರಲ್ಲಿ ಮೂಲ ಆಟದ ಕೋಡನ್ನೇ ಎಲ್ಲರ ಓದಿಗೆ ತೆರೆದಿಟ್ಟಿದ್ದಾರೆ. ಸುರಪುರದ ಹುಡುಗಿಯೊಬ್ಬಳು ಅದನ್ನೋದಿ ನಮ್ಮ ಕೋಟೆಯೊಳಗೊಂದು ಓಟ ಕಟ್ಟಿದರೆ, ನಾನು ರೀಮೇಕ್ ಎಂದು ಕರೆಯುವುದು ಅದನ್ನು.